ಹೊಲದಲ್ಲಿ, ಹೊಳೆಯಲ್ಲಿ ಬಿದ್ದ ಉಂಗುರ: ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವ ಬಗೆ

ಭತ್ತದ ನಾಟಿ, ಮೆಕ್ಕೆಜೋಳಕ್ಕೆ ಗೊಬ್ಬರ ಎರಚುವುದು, ಶೇಂಗಾ ಕೀಳುವುದು, ಹರಿಹರದ ಹೊಳೆಯಲ್ಲಿ ಮುಳುಗು ಹಾಕುವುದು. ದಾವಣಗೆರೆ, ಚಿತ್ರದುರ್ಗದ ಕಡೆ ಒಡವೆ ಜಾರಿ ಬೀಳುವ ಹೊತ್ತುಗಳು ಇಂಥವೇ. ಕೆಸರೋ ಸೋಪೋ ತಾಗಿದ ಬೆರಳಿನಿಂದ ಉಂಗುರ ಸುಲಭವಾಗಿ ಜಾರುತ್ತದೆ. ತಣ್ಣೀರಿನಲ್ಲಿ ಬೆರಳೇ ತುಸು ಸಣ್ಣಗಾಗುತ್ತದೆ. ಓಲೆಯ ತಿರುಪು ಸಡಿಲವಾಗಿದ್ದರೆ ತಲೆಗೆ ಸುತ್ತಿದ ವಸ್ತ್ರ ಬಿಚ್ಚುವಾಗ ಅದೂ ಹೋಗುತ್ತದೆ. ಇಷ್ಟಾದ ಮೇಲೆ ಯಾರೋ ಒಬ್ಬರು ಮೆಟಲ್ ಡಿಟೆಕ್ಟರ್ ತರಿಸೋಣ ಎನ್ನುತ್ತಾರೆ. ಯಂತ್ರ ಬಂದರೆ ಸಾಕು, ಚಿನ್ನ ಇರುವಲ್ಲಿ ಅದೇ ಕೂಗಿ ಹೇಳುತ್ತದೆ ಎಂಬ ನಂಬಿಕೆ ಎಲ್ಲರದು.

ಯಂತ್ರಕ್ಕೆ ಚಿನ್ನ ಯಾವುದೆಂದು ಗೊತ್ತಾಗುವುದಿಲ್ಲ. ಹುಡುಕುವ ಜಾಗವನ್ನು ಕುಗ್ಗಿಸುವುದು ಮುಕ್ಕಾಲು ಕೆಲಸ. ಆ ಜಾಗದಲ್ಲಿ ಕಬ್ಬಿಣವಲ್ಲದ ಸದ್ದು ಬಂದ ಕಡೆಯೆಲ್ಲ ಬೇಸರವಿಲ್ಲದೆ ಅಗೆಯುವುದು ಉಳಿದ ಕಾಲು ಭಾಗ. ಹೀಗೇಕೆ ಎಂದು ತಿಳಿಯಬೇಕಾದರೆ ಯಂತ್ರ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಯಂತ್ರಕ್ಕೆ ಕೇಳಿಸುವುದು ಏನು

ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಕಾಯಿಲ್ ಎಂದು ಕರೆಯುವುದು ಇದನ್ನೇ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟಿದ ಕಾಂತಕ್ಷೇತ್ರ ಮಣ್ಣಿನೊಳಕ್ಕೆ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ ಹುಟ್ಟಿ, ಅದು ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನು ವಾಪಸು ಕಳಿಸುತ್ತದೆ. ಎರಡನೇ ಸುರುಳಿ ಹಿಡಿಯುವುದು ಈ ಮಾರುತ್ತರವನ್ನು. ಉತ್ತರ ಎಷ್ಟು ತಡವಾಗಿ ಬಂತು ಎಂಬ ಲೆಕ್ಕವೇ ಪರದೆಯ ಮೇಲೆ ಸಂಖ್ಯೆಯಾಗಿ ಕಾಣುತ್ತದೆ.

ಈ ತಡ ಲೋಹದ ಜಾತಿಯೊಂದರಿಂದಲೇ ನಿಗದಿಯಾಗುವುದಿಲ್ಲ. ವಸ್ತುವಿನ ಅಗಲ, ದಪ್ಪ, ಆಕಾರ ಎಲ್ಲವೂ ಅದರೊಳಗೆ ಸೇರಿವೆ. ಶುದ್ಧ ಚಿನ್ನ ಒಳ್ಳೆಯ ವಿದ್ಯುತ್ ವಾಹಕ. ಆದರೆ ಒಡವೆಯ 22 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಬೆರಕೆ. 18 ಕ್ಯಾರೆಟ್ಟಿನಲ್ಲಿ ಚಿನ್ನ 75 ಪಾಲು ಮಾತ್ರ. ಬೆರಕೆ ಬಿದ್ದೊಡನೆ ವಾಹಕತೆ ಚೆನ್ನಾಗಿಯೇ ಇಳಿಯುತ್ತದೆ. ಹೀಗಾಗಿ 0ರಿಂದ 99ರವರೆಗೆ ಸಂಖ್ಯೆ ತೋರಿಸುವ ಯಂತ್ರಗಳಲ್ಲಿ ಚಿನ್ನದ ಉಂಗುರ ಸಾಮಾನ್ಯವಾಗಿ 40ರಿಂದ 70ರ ನಡುವೆ ಎಲ್ಲೋ ಬರುತ್ತದೆ. ಹೆಂಗಸರ ತೆಳು ಉಂಗುರ ಕೆಳಗೆ, ಗಂಡಸರ ದಪ್ಪ ಉಂಗುರ ಮೇಲೆ. ಕಂಪನಿಯಿಂದ ಕಂಪನಿಗೆ ಮಾಪಕ ಬೇರೆ, ಅದಕ್ಕೇ ಈ ಅಂಕಿಗಳನ್ನು ಉರು ಹೊಡೆಯುವುದು ಬೇಡ. ನೆನಪಿಡಬೇಕಾದ್ದು ಇಷ್ಟು: ಮಾತ್ರೆ ಚೀಟಿಯ ಹಿಂಬದಿಯ ಅಲ್ಯೂಮಿನಿಯಂ ಹಾಳೆ, ಸಿಗರೇಟು ಪ್ಯಾಕಿನ ಬೇಗಡೆ, ತಂಪು ಪಾನೀಯದ ಡಬ್ಬಿಯ ಕಿವಿ, ಇವೂ ಅದೇ ಸೀಮೆಯಲ್ಲೇ ಕೂಗುತ್ತವೆ. ಕಸದ ಸದ್ದು ಬೇಡವೆಂದು ಆ ಭಾಗವನ್ನು ಯಂತ್ರದಲ್ಲಿ ಮುಚ್ಚಿಬಿಟ್ಟರೆ ಉಂಗುರವನ್ನೂ ಮುಚ್ಚಿದಂತೆಯೇ. ಕಬ್ಬಿಣವನ್ನು ಮಾತ್ರ ಬಿಡಿಸಿ, ಮಿಕ್ಕಿದ್ದಕ್ಕೆಲ್ಲ ಕಿವಿಗೊಡಬೇಕು.

ಉಂಗುರಕ್ಕೆ ಒಂದು ಅನುಕೂಲವಿದೆ. ಅದು ಮುಚ್ಚಿದ ಬಳೆಯಾಕಾರ, ಸುಳಿ ವಿದ್ಯುತ್ತಿಗೆ ಸುತ್ತಲು ಸಲೀಸು. ಅದಕ್ಕೇ ಎರಡು ಗ್ರಾಂ ತೂಕದ ಉಂಗುರವೂ ತನ್ನ ತೂಕಕ್ಕೆ ಮೀರಿದ ಸದ್ದು ಕೊಡುತ್ತದೆ. ಕುಂಟೆಯ ಕುಡಕ್ಕೆ ಸಿಕ್ಕಿ ಬೆಸುಗೆ ಬಿಟ್ಟಿತೋ, ಸುತ್ತು ಹರಿದುಹೋಗಿ ಸಂಖ್ಯೆ ದಢಕ್ಕನೆ ಕೆಳಗಿಳಿಯುತ್ತದೆ. ಕಾಲುಂಗುರದ್ದೂ ಇದೇ ಕಥೆ. ಬೆಳ್ಳಿ ಅಂದಮೇಲೆ ಎತ್ತರದ ಸಂಖ್ಯೆ ಬರಬೇಕು ಎಂದು ಕಾಯುವವರು ಅದನ್ನು ದಾಟಿ ಹೋಗುತ್ತಾರೆ. ಕಾಲುಂಗುರದ ತುದಿಗಳು ಕೂಡಿರುವುದಿಲ್ಲ, ಅದಕ್ಕೇ ಅದು ಎಣಿಸಿದ್ದಕ್ಕಿಂತ ಕೆಳಗೇ ತೋರಿಸುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸರ. ಹತ್ತು ಗ್ರಾಂ ಸರ ಕಳೆದಿದ್ದರೆ ಹತ್ತು ಗ್ರಾಂ ಉಂಗುರಕ್ಕಿಂತ ಬೇಗ ಸಿಗಬೇಕು ಎನಿಸುತ್ತದೆ. ನಿಜ ಸಂಗತಿ ತಿರುವುಮುರುವು. ಕೊಂಡಿ ಕೊಂಡಿ ನಡುವಿನ ಸಂಪರ್ಕ ಸಡಿಲವಾದ್ದರಿಂದ ಯಂತ್ರ ಇಡೀ ಸರವನ್ನು ನೋಡುವುದೇ ಇಲ್ಲ, ಒಂದೊಂದು ಪುಟ್ಟ ಕೊಂಡಿಯನ್ನು ಬೇರೆ ಬೇರೆಯಾಗಿ ನೋಡುತ್ತದೆ. ಸದ್ದು ಬಂದರೆ ಅದು ಕೊಕ್ಕೆಯದ್ದು, ಇಲ್ಲವೇ ಪದಕದ್ದು. ಬೋರಮಾಳ ಸರದ ಗುಂಡುಗಳು ಒಳಗೆ ಪೊಳ್ಳು, ತೆಳು ತಗಡಿನವು, ದಾರದಲ್ಲಿ ಪೋಣಿಸಿದವು. ಅವೂ ಬಿಡಿಬಿಡಿಯಾಗಿಯೇ ಕೇಳಿಸುತ್ತವೆ. ಕರಿಮಣಿ ಗಾಜು, ಅದಂತೂ ಯಂತ್ರಕ್ಕೆ ಇಲ್ಲದ್ದೇ. ತಾಳಿ ಸರ ಹುಡುಕುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ತಾಳಿಯ ತಗಡು, ಗುಂಡುಗಳು ಮತ್ತು ಕೊಕ್ಕೆ. ಕಳೆದದ್ದು ‘ಒಂದು ಗ್ರಾಂ ಗೋಲ್ಡ್’ ಒಡವೆಯೋ ಅಪ್ಪಟವೋ ಎಂದು ಮುಜುಗರ ಬಿಟ್ಟು ಕೇಳಿಕೊಳ್ಳಿ. ಒಳಗಿರುವುದು ತಾಮ್ರ ಅಥವಾ ಹಿತ್ತಾಳೆ, ಸಂಖ್ಯೆ ಬೇರೆಯೇ ಬರುತ್ತದೆ.

ಆಳದ ಮಾತು ಬಂದಾಗ ಮೋಸಗಾರರ ಮಾತೂ ಬರುತ್ತದೆ. ಸುರುಳಿಯಿಂದ ಹೊರಟ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಉಂಗುರದಿಂದ ವಾಪಸು ಬರುವಾಗ ಮತ್ತೊಮ್ಮೆ ಅಷ್ಟೇ ಕುಗ್ಗುತ್ತದೆ. ಸುರುಳಿಯ ಅಗಲಕ್ಕೆ ಹೋಲಿಸಿದರೆ ವಸ್ತು ದೂರವಿದ್ದಾಗ, ಆಳ ಎರಡರಷ್ಟಾದರೆ ಸದ್ದು ಸುಮಾರು ಅರವತ್ತನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಲೆ ಎರಡು ಪಟ್ಟು ಕೊಟ್ಟರೂ ಯಂತ್ರದ ಆಳ ಎರಡು ಪಟ್ಟಾಗದಿರುವುದು ಇದಕ್ಕೇ. 28 ಸೆಂಟಿಮೀಟರಿನ, ಅಂದರೆ 11 ಇಂಚಿನ ಕಾಯಿಲ್ ಇರುವ ಸಾಧಾರಣ ಯಂತ್ರ ಒಳ್ಳೆಯ ಮಣ್ಣಿನಲ್ಲಿ ಉಂಗುರವನ್ನು 15ರಿಂದ 20 ಸೆಂಟಿಮೀಟರಿನವರೆಗೆ ಹಿಡಿದರೆ ಅದು ಒಳ್ಳೆಯ ಕೆಲಸ. ಐವತ್ತು ಅಡಿ ಆಳದ ಚಿನ್ನ ತೋರಿಸುತ್ತದೆ, ನೂರು ಮೀಟರ್ ದೂರದಿಂದಲೇ ದಿಕ್ಕು ಹೇಳುತ್ತದೆ ಎಂದು ಆಂಟೆನಾ ಕಡ್ಡಿಗಳ ಸಾಧನ ಮಾರಲು ಬಂದವರನ್ನು ಕಾಫಿ ಕೊಟ್ಟು ಕಳಿಸಿಬಿಡಿ. ಉಂಗುರದಷ್ಟು ಪುಟ್ಟ ಲೋಹ ಅಷ್ಟು ದೂರದಿಂದ ಉತ್ತರ ಕೊಡಲಾರದು.

ಮೊದಲು ಮಾತು, ಆಮೇಲೆ ಯಂತ್ರ

ಒಂದು ಲೆಕ್ಕ ಹಾಕಿ ನೋಡಿ. ಕಾಯಿಲನ್ನು ಎಡದಿಂದ ಬಲಕ್ಕೆ 1.2 ಮೀಟರ್ ಬೀಸಿ, ಪ್ರತಿ ಬೀಸಿಗೂ ಅರ್ಧ ಕಾಯಿಲ್‌ನಷ್ಟು, ಅಂದರೆ 14 ಸೆಂಟಿಮೀಟರ್ ಮುಂದೆ ಸರಿದು, ಒಂದು ಬೀಸಿಗೆ ಎರಡು ಸೆಕೆಂಡ್ ತೆಗೆದುಕೊಂಡರೆ ನಿಮಿಷಕ್ಕೆ ಸುಮಾರು 5 ಚದರ ಮೀಟರ್ ಮುಗಿಯುತ್ತದೆ. ಒಂದು ಗುಂಟೆ ಅಂದರೆ 101 ಚದರ ಮೀಟರ್, ಅದಕ್ಕೆ ಇಪ್ಪತ್ತು ನಿಮಿಷ. ಇದು ಎಲ್ಲೂ ನಿಲ್ಲದೆ ಹೋದರೆ. ಸದ್ದು ಬಂದಲ್ಲಿ ಕೂತು ಅಗೆಯುತ್ತ ಹೋದರೆ ಗುಂಟೆಗೆ ಒಂದು ಗಂಟೆ ಹಿಡಿಯಿರಿ. ಎಕರೆಗೆ ನಲವತ್ತು ಗಂಟೆ! ಎರಡೆಕರೆ ಹೊಲದಲ್ಲಿ ಎಲ್ಲೋ ಬಿದ್ದಿದೆ ಎಂದರೆ ಅದು ಹುಡುಕಾಟವಲ್ಲ, ಹರಕೆ. ಎರಡು ಗುಂಟೆಗೆ ಇಳಿಸಿದರೆ ಒಂದು ಬೆಳಗಿನ ಕೆಲಸ.

ಇಳಿಸುವುದಕ್ಕೆ ಕಳೆದುಕೊಂಡವರನ್ನು ಕೂರಿಸಿ ಮಾತಾಡಿಸಬೇಕು. ಎಲ್ಲಿ ಬಿತ್ತು ಎಂದು ಕೇಳಿ ಪ್ರಯೋಜನವಿಲ್ಲ, ಗೊತ್ತಿದ್ದರೆ ಅವರೇ ಎತ್ತಿಕೊಳ್ಳುತ್ತಿದ್ದರು. ಕೈಯಲ್ಲಿ ಇದ್ದದ್ದು ಕೊನೆಗೆ ಯಾವಾಗ ಗೊತ್ತು, ಇಲ್ಲ ಎಂದು ಮೊದಲು ಕಂಡದ್ದು ಯಾವಾಗ, ಆ ನಡುವೆ ಕೈ ಯಾವ ಯಾವ ಕೆಲಸ ಮಾಡಿತು ಎಂದು ಕೇಳಿ. ಇದಕ್ಕೆ ಮೊಬೈಲಿನ ಫೋಟೋಗಳಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಮದುವೆಯೋ ಜಾತ್ರೆಯೋ ಆಗಿದ್ದರೆ ಮನೆಮಂದಿ, ನೆಂಟರು ತೆಗೆದ ಚಿತ್ರಗಳನ್ನೆಲ್ಲ ಸಮಯದ ಪ್ರಕಾರ ಜೋಡಿಸಿ ಬೆರಳನ್ನು ದೊಡ್ಡದು ಮಾಡಿ ನೋಡಿದರೆ ಕೊನೆಯ ಹೊತ್ತು ನಿಮಿಷದ ಲೆಕ್ಕದಲ್ಲಿ ಸಿಗಬಹುದು.

ಗೊಬ್ಬರ ಎರಚುವಾಗ, ಬುಟ್ಟಿ ಕೊಡವುವಾಗ, ಕೈಯ ಕೆಸರು ಜಾಡಿಸುವಾಗ ಹೋದ ಉಂಗುರ ಕಾಲ ಬುಡದಲ್ಲಿ ಬೀಳುವುದಿಲ್ಲ, ಹಾರುತ್ತದೆ. ಎಷ್ಟು ದೂರ ಎಂದು ಊಹಿಸುವ ಬದಲು ಉಂಗುರದಷ್ಟೇ ತೂಗುವ ವಾಷರಿಗೆ ಬಣ್ಣದ ರಿಬ್ಬನ್ ಕಟ್ಟಿ, ಕಳೆದುಕೊಂಡವರನ್ನೇ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ರೀತಿ ನಾಲ್ಕೈದು ಸಲ ಕೈ ಬೀಸಲು ಹೇಳಿ. ವಾಷರು ಬಿದ್ದ ಜಾಗಗಳ ಸುತ್ತ ಒಂದು ಗೆರೆ ಎಳೆದರೆ ಹುಡುಕುವ ಪಟ್ಟಿ ಸಿಕ್ಕಿತು. ರಿಬ್ಬನ್ ಉದ್ದವಾದರೆ ವಾಷರು ದೂರ ಹೋಗದು, ಗೇಣುದ್ದ ಸಾಕು.

ಹುಡುಕುವವರು ಬರುವವರೆಗೆ ಆ ಜಾಗಕ್ಕೆ ಕುಂಟೆ ಹೊಡೆಯಬಾರದು, ನೀರು ಹಾಯಿಸಬಾರದು. ಓಣಿಯವರೆಲ್ಲ ಕೂಡಿ ಕೈಗೆ ಸಿಕ್ಕ ಸಲಿಕೆಯಿಂದ ಕೆದಕುವುದು ಎಲ್ಲಕ್ಕಿಂತ ಹಾಳು. ಮೇಲೆ ಇದ್ದದ್ದು ಕೆಳಗೆ ಹೋಗುತ್ತದೆ, ಜೊತೆಗೆ ಗುರುತೂ ಅಳಿಸುತ್ತದೆ. ಕೊನೆಗೆ ನಿಂತಿದ್ದ ಜಾಗಕ್ಕೆ ಒಂದು ಗೂಟ ಬಡಿದು ಬಿಟ್ಟರೆ ಸಾಕು.

ಕೆಂಪು ಮಣ್ಣು, ಎರೆ ಮಣ್ಣು

ನಮ್ಮ ಸೀಮೆಯ ನಿಜವಾದ ತೊಡಕು ಮಣ್ಣಿನದು. ಹೊಳಲ್ಕೆರೆ, ಹೊಸದುರ್ಗದ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ತೆಗೆಯುವುದು ಎಲ್ಲರಿಗೂ ಗೊತ್ತು. ಆ ಬಂಡೆ ಸವೆದು ಬಂದ ಮಣ್ಣಿನಲ್ಲೂ ಕಾಂತಗುಣದ ಕಣಗಳಿರುತ್ತವೆ. ಉಂಗುರದ ಸದ್ದಿಗಿಂತ ಮಣ್ಣಿನ ಸದ್ದೇ ದೊಡ್ಡದಾದರೆ ಯಂತ್ರ ತಬ್ಬಿಬ್ಬಾಗುತ್ತದೆ. ಆಳ ಅರ್ಧಕ್ಕೂ ಇಳಿಯಬಹುದು, ಉಂಗುರದ ಸಂಖ್ಯೆ ಕಬ್ಬಿಣದ ಕಡೆಗೆ ಸರಿಯಬಹುದು. ಮಣ್ಣು ಕೆಂಪಗಿದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ, ತೊಂದರೆ ಕೊಡುವುದು ಬಣ್ಣವಲ್ಲ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣಮಣ್ಣಿನ ಮೇಲೆ ಎಳೆದಾಡಿಸಿ. ಕಪ್ಪು ಪುಡಿ ಮೀಸೆಯಂತೆ ದಟ್ಟವಾಗಿ ಅಂಟಿದರೆ ಆ ಹೊಲದಲ್ಲಿ ಜೋಪಾನ. ಹೊಟ್ಟು, ಕಸ ಸುಟ್ಟ ಜಾಗ, ಇಟ್ಟಿಗೆ ಭಟ್ಟಿಯ ಸುತ್ತಲೂ ಇದೇ ಪಾಡು. ಬೆಂಕಿಯ ಕಾವಿಗೆ ಮಣ್ಣಿನ ಕಬ್ಬಿಣ ಇನ್ನಷ್ಟು ಕಾಂತಗುಣ ಪಡೆಯುತ್ತದೆ.

ಪರಿಹಾರಕ್ಕೆ ಯಂತ್ರದಲ್ಲಿ ಗ್ರೌಂಡ್ ಬ್ಯಾಲೆನ್ಸ್ ಎಂಬ ಸೌಕರ್ಯವಿದೆ. ಯಾವ ಲೋಹವೂ ಇಲ್ಲದ ಒಂದು ಮೊಳ ಜಾಗ ಹುಡುಕಿ, ಗುಂಡಿ ಒತ್ತಿ ಹಿಡಿದು ಕಾಯಿಲನ್ನು ನೆಲದಿಂದ ಎರಡು ಮೂರು ಸೆಂಟಿಮೀಟರಿನಿಂದ ಒಂದು ಗೇಣಿನ ಎತ್ತರದವರೆಗೆ ಮೇಲೆ ಕೆಳಗೆ ಆಡಿಸಬೇಕು. ಎತ್ತಿದಾಗಲೂ ಇಳಿಸಿದಾಗಲೂ ಸದ್ದು ಒಂದೇ ಸಮ ಬಂದರೆ ಯಂತ್ರ ಆ ಮಣ್ಣಿಗೆ ಹೊಂದಿತು. ಕೆಬ್ಬೆ ನೆಲದಿಂದ ಎರೆಗೆ ದಾಟಿದರೆ, ಅಥವಾ ಒಣ ನೆಲದಿಂದ ನೀರು ಹಾಯಿಸಿದ ಮಡಿಗೆ ಇಳಿದರೆ, ಮತ್ತೆ ಮಾಡಬೇಕು. ಆಮೇಲೂ ಕಿರಿಕಿರಿ ನಿಲ್ಲದಿದ್ದರೆ ಸೆನ್ಸಿಟಿವಿಟಿಯನ್ನು, ಅಂದರೆ ಸಣ್ಣ ಉತ್ತರಕ್ಕೂ ಯಂತ್ರ ಕಿವಿಗೊಡುವ ಮಟ್ಟವನ್ನು, ಕಡಿಮೆ ಮಾಡಿ. ಅದನ್ನು ತುದಿಗೇರಿಸಿಟ್ಟರೆ ಆಳ ಹೆಚ್ಚುತ್ತದೆ ಎಂದುಕೊಳ್ಳುವುದು ಹೊಸಬರ ಮೊದಲ ತಪ್ಪು. ಇಂಥ ನೆಲದಲ್ಲಿ ಹೆಚ್ಚುವುದು ಗದ್ದಲ. ಯಂತ್ರ ಕೊಳ್ಳುವವರು ಗ್ರೌಂಡ್ ಬ್ಯಾಲೆನ್ಸನ್ನು ಕೈಯಿಂದ ಹೊಂದಿಸಲು ಬರುವುದನ್ನೇ ಕೊಳ್ಳಿ. ಒಂದೇ ಕಂಪನಾಂಕದ (ಸುರುಳಿಯ ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಎಂಬ ಲೆಕ್ಕ) ಅಗ್ಗದ ಯಂತ್ರ ಈ ಕಡೆಯ ಅದಿರು ನೆಲದಲ್ಲಿ ದುಡ್ಡು ದಂಡ. ಹಲವು ಕಂಪನಾಂಕಗಳನ್ನು ಒಟ್ಟಿಗೇ ಕಳಿಸುವಂಥದ್ದು ಎಷ್ಟೋ ವಾಸಿ.

ಎರೆ ಹೊಲದ ತೊಡಕು ಬೇರೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ. ಬಿರುಕಿಗೆ ಬಿದ್ದ ಉಂಗುರ ಯಂತ್ರದ ಕೈಗೆ ಎಟುಕದಷ್ಟು ಆಳಕ್ಕೆ ಹೋಗಬಹುದು. ಅದಕ್ಕೇ ಎರೆಯಲ್ಲಿ ಕಳೆದದ್ದನ್ನು ಮೊದಲ ಮಳೆಗೆ ಮುಂಚೆ ಹುಡುಕಬೇಕು. ಟಾರ್ಚು ಬಿಟ್ಟು ಬಿರುಕುಗಳೊಳಗೆ ಕಣ್ಣಿಂದಲೇ ನೋಡಿ, ಕಿರಿದಾದ ಪ್ರೋಬ್, ಅಂದರೆ ಕಡ್ಡಿಯಂಥ ಪುಟ್ಟ ಡಿಟೆಕ್ಟರ್, ಇಳಿಸಿ. ಮಳೆ ಬಿದ್ದು ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡರೆ ಉಂಗುರ ಬಿದ್ದ ಆಳದಲ್ಲೇ ಹೂತುಹೋಗುತ್ತದೆ.

ಮಣ್ಣೂ ಅಲ್ಲ, ಲೋಹವೂ ಅಲ್ಲ, ಆದರೂ ಯಂತ್ರ ಸುಮ್ಮಸುಮ್ಮನೆ ಕೂಗುತ್ತಿದ್ದರೆ ವಿದ್ಯುತ್ತಿನ ಕಡೆ ನೋಡಿ. ತ್ರೀ ಫೇಸ್ ಬಂದು ಪಂಪ್‌ಸೆಟ್ ಓಡುತ್ತಿದ್ದರೆ ಸ್ಟಾರ್ಟರ್ ಆಫ್ ಮಾಡಿಸಿ. ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಮ್ಮೆ ಟಕ್ ಟಕ್ ಎಂದು ತಾಳ ಹಾಕಿದಂತೆ ಕೇಳಿಸುತ್ತದೆ. ತಾಳ ಸಮನಾಗಿದ್ದರೆ ಅದು ಬೇಲಿಯೇ. ಜೇಬಿನ ಮೊಬೈಲ್ ದೂರ ಇಡಿ. ನಿಮ್ಮ ಕೈಯ ಉಂಗುರ, ಕಡಗ ಬಿಚ್ಚಿಡಿ, ಮಣ್ಣು ಹಿಡಿದು ಕಾಯಿಲ್ ಮೇಲೆ ಆಡಿಸುವಾಗ ಅವೇ ಕೂಗುತ್ತವೆ.

ಸಾಲು ಹಿಡಿದು ಹೋಗುವುದು

ಶುರು ಮಾಡುವ ಮುಂಚೆ ಕಳೆದದ್ದರ ಹಾಗೆಯೇ ಇರುವ ಇನ್ನೊಂದು ಉಂಗುರವನ್ನು ಮನೆಯವರಿಂದ ಕೇಳಿ ಪಡೆಯಿರಿ. ಜೋಡಿಯಲ್ಲಿ ಉಳಿದ ಓಲೆ ಇದ್ದರೆ ಇನ್ನೂ ಒಳ್ಳೆಯದು. ಅದೇ ಹೊಲದ ಮಣ್ಣಿನಲ್ಲಿ ಮೊದಲು ಮೇಲೆ, ಆಮೇಲೆ ಐದು, ಹತ್ತು ಸೆಂಟಿಮೀಟರ್ ಆಳದಲ್ಲಿ ಇಟ್ಟು ಸಂಖ್ಯೆ, ಸದ್ದು ಎರಡನ್ನೂ ಗಮನಿಸಿ. ಹೂಳುವ ಮುಂಚೆ ಅದಕ್ಕೆ ಗಟ್ಟಿ ದಾರ ಕಟ್ಟಿ ತುದಿಯನ್ನು ಗೂಟಕ್ಕೆ ಬಿಗಿಯಿರಿ. ಒಂದು ಉಂಗುರ ಹುಡುಕಲು ಬಂದು ಎರಡು ಉಂಗುರ ಹುಡುಕುವಂತಾಗಬಾರದಲ್ಲ! ಹತ್ತು ಸೆಂಟಿಮೀಟರಿನಲ್ಲಿ ಸದ್ದೇ ಬಾರದಿದ್ದರೆ ಹೊಂದಾಣಿಕೆ ಸರಿಯಿಲ್ಲ ಎಂದರ್ಥ. ಹುಡುಕಾಟಕ್ಕೆ ಇಳಿಯುವ ಮೊದಲೇ ಅದು ತಿಳಿದುಬಿಡುವುದು ಒಳ್ಳೆಯದು.

ಆಮೇಲೆ ಹಗ್ಗ ಕಟ್ಟಿ ಒಂದೊಂದು ಮೀಟರ್ ಅಗಲದ ಪಟ್ಟಿಗಳನ್ನು ಮಾಡಿ. ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ, ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ, ನೆಲಕ್ಕೆ ಸಗಣಿ ಸಾರಿಸುವ ಕೈಯಂತೆ ಹಿಂದಿನ ಬೀಸಿನ ಅರ್ಧದ ಮೇಲೆ ಮುಂದಿನದು ಬರುವ ಹಾಗೆ ಬೀಸಬೇಕು. ಬೀಸಿನ ಎರಡು ತುದಿಗಳಲ್ಲಿ ಕೈ ತನಗೆ ತಿಳಿಯದೆಯೇ ಮೇಲೇಳುತ್ತದೆ. ಅಲ್ಲಿ ಅರ್ಧ ಅಡಿ ಎತ್ತರ ಹೋದರೆ ಆ ತುದಿಯ ಪಟ್ಟಿಯನ್ನು ಹುಡುಕಿಯೇ ಇಲ್ಲ ಎಂದು ಲೆಕ್ಕ. ಮೆಕ್ಕೆಜೋಳದ ಕೂಳೆ ಇರುವಲ್ಲಿ ದೊಡ್ಡ ಕಾಯಿಲ್ ನೆಲಕ್ಕೆ ಇಳಿಯುವುದಿಲ್ಲ. ಆರಿಂಚಿನ ಕಾಯಿಲ್ ಹಾಕಿ ಸಾಲುಗಳ ನಡುವೆ ಹೋಗಿ, ಇಲ್ಲವೇ ಕೂಳೆಯನ್ನು ನೆಲಮಟ್ಟಕ್ಕೆ ಕೊಯ್ಯಿಸಿ, ಕೀಳಿಸಬೇಡಿ. ಎತ್ತಿನ ಲಾಳದ ಮೊಳೆ, ಬೈಂಡಿಂಗ್ ವೈರಿನ ತುಂಡು ಹೆಚ್ಚಿರುವಲ್ಲೂ ಸಣ್ಣ ಕಾಯಿಲೇ ಸರಿ. ದೊಡ್ಡದರ ಕೆಳಗೆ ಮೊಳೆ, ಉಂಗುರ ಎರಡೂ ಒಟ್ಟಿಗೆ ಬಂದರೆ ಮೊಳೆಯ ಸದ್ದು ಉಂಗುರವನ್ನು ನುಂಗುತ್ತದೆ.

ಉದ್ದಕ್ಕೆ ಮುಗಿದ ಮೇಲೆ ಅದೇ ಜಾಗವನ್ನು ಅಡ್ಡಕ್ಕೆ ಇನ್ನೊಮ್ಮೆ. ನೆಟ್ಟಗೆ ನಿಂತ ಉಂಗುರ, ಮೊಳೆಯ ಪಕ್ಕ ಬಿದ್ದ ಉಂಗುರ ಒಂದು ದಿಕ್ಕಿನಲ್ಲಿ ಸುಮ್ಮನಿದ್ದು ಇನ್ನೊಂದು ದಿಕ್ಕಿನಲ್ಲಿ ಮಾತಾಡುವುದುಂಟು. ಸದ್ದು ಬಂದಾಗ ಒಂದು ಕಡೆಯಿಂದ ಬೀಸಿ ನಡುಮಧ್ಯ ಗುರುತಿಸಿ, ತೊಂಬತ್ತು ಡಿಗ್ರಿ ತಿರುಗಿ ನಿಂತು ಮತ್ತೆ ಬೀಸಿ. ಎರಡು ಗೆರೆ ಕೂಡುವಲ್ಲಿ ವಸ್ತು ಇದೆ. ಎರಡೂ ಕಡೆಯಿಂದ ಸಂಖ್ಯೆ ಹೆಚ್ಚುಕಡಿಮೆ ಒಂದೇ ಬಂದರೆ ಅಗೆಯಲೇಬೇಕು. ಒಂದು ಕಡೆಯಿಂದ ಎತ್ತರ, ಇನ್ನೊಂದು ಕಡೆಯಿಂದ ಕಬ್ಬಿಣದ ಗೊರ ಗೊರ ಬಂದರೆ ಬಾಟಲಿ ಮುಚ್ಚಳವೋ ಬಾಗಿದ ಮೊಳೆಯೋ ಇರಬಹುದು. ಕಳೆದದ್ದು ಅಲ್ಲೇ ಎಂದು ಗಟ್ಟಿಯಾಗಿ ಗೊತ್ತಿದ್ದಾಗ ಅದನ್ನೂ ಬಿಡಬಾರದು.

ಅಗೆತ ಗುರುತಿನಿಂದ ಹತ್ತು ಸೆಂಟಿಮೀಟರ್ ಆಚೆ, ಕುರ್ಚಿಗೆಯಿಂದ, ಸುತ್ತ ಕತ್ತರಿಸಿ ಹೆಂಟೆಯನ್ನು ಇಡಿಯಾಗಿ ಎತ್ತುವ ಹಾಗೆ. ಗುದ್ದಲಿಯನ್ನು ನೇರ ಗುರುತಿನ ಮೇಲೆ ಇಳಿಸಿದರೆ ಚಿನ್ನ ಮೆದು, ಸೀಳಿಯೇ ಹೋಗುತ್ತದೆ. ಎತ್ತಿದ ಮಣ್ಣು ತಾಡಪಾಲಿನ ಮೇಲೆ. ಗುಂಡಿಯಲ್ಲಿ ಸದ್ದು ನಿಂತಿತೇ ನೋಡಿ. ನಿಂತಿದ್ದರೆ ಉಂಗುರ ಮಣ್ಣಿನಲ್ಲಿದೆ. ಕೈಲಿ ಹಿಡಿಯುವ ಪಿನ್‌ಪಾಯಿಂಟರ್ ಮೂರರಿಂದ ಐದು ಸೆಂಟಿಮೀಟರ್ ಹತ್ತಿರ ಬಂದರೆ ನಡುಗಿ ತೋರಿಸುತ್ತದೆ. ಅದು ಇಲ್ಲದಿದ್ದರೆ ಗಾರೆಯವರ ಮರಳು ಜರಡಿ ಸಾಕು, ಕಣ್ಣು ಐದು ಮಿಲಿಮೀಟರಿಗಿಂತ ದೊಡ್ಡದಿರಬಾರದು. ಉಂಗುರ ನಿಲ್ಲುತ್ತದೆ, ಓಲೆಯ ತಿರುಪು ಮಾತ್ರ ಇನ್ನೂ ಸಣ್ಣ ಕಣ್ಣು ಕೇಳುತ್ತದೆ. ಗುಂಡಿಗಳನ್ನು ಆಗಾಗಲೇ ಮುಚ್ಚುತ್ತ ಹೋಗಿ.

ಹೊಳೆ, ಕಾಲುವೆ, ಕೆಸರು ಗದ್ದೆ

22 ಕ್ಯಾರೆಟ್ ಚಿನ್ನ ನೀರಿಗಿಂತ ಹದಿನೇಳು ಪಟ್ಟಿಗೂ ಹೆಚ್ಚು ಭಾರ, ಮರಳು ಎರಡೂವರೆ ಪಟ್ಟು ಚಿಲ್ಲರೆ. ಹೊಳೆಗೆ ಬಿದ್ದ ಉಂಗುರ ತೇಲಿಕೊಂಡು ಹೊನ್ನಾಳಿಯಿಂದ ಹರಿಹರಕ್ಕೆ ಬರುವುದಿಲ್ಲ. ಸಾಧಾರಣ ಹರಿವಿನಲ್ಲಿ ಬಿದ್ದ ಜಾಗದ ಸುತ್ತ ಮಾರು ಎರಡು ಮಾರಿನೊಳಗೇ ತಳ ಸೇರುತ್ತದೆ. ಕಾಲು ತುಳಿದಷ್ಟೂ, ಮರಳು ಕದಡಿದಷ್ಟೂ ಅದು ಕೆಳಗಿಳಿದು ಗಟ್ಟಿ ಜೇಡಿಯೋ ಬಂಡೆಯೋ ಸಿಕ್ಕಲ್ಲಿ ನಿಲ್ಲುತ್ತದೆ. ನೀರಿನಲ್ಲಿ ಹುಡುಕಲು ಕಾಯಿಲ್ ಒಂದೇ ಅಲ್ಲ, ಪರದೆಯಿರುವ ಡಬ್ಬಿ ಸಮೇತ ನೀರು ತಾಳುವ ಯಂತ್ರ ಬೇಕು, ಜೊತೆಗೆ ತೂತುಗಳಿರುವ ಉದ್ದ ಹಿಡಿಯ ಮೊರದಂಥ ಸ್ಕೂಪ್. ಸ್ನಾನಘಟ್ಟದ ಬಳಿ ನಾಣ್ಯಗಳ ಕಾಟ ಇದ್ದದ್ದೇ. ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ, ಸದ್ದೂ ಹರಕು. ಹಳದಿ ಐದು ರೂಪಾಯಿ ಅಂಟುವುದಿಲ್ಲ, ಸದ್ದು ಸಾಫ್, ಪ್ರತಿ ಸಲವೂ ಆಸೆ ಹುಟ್ಟಿಸುತ್ತದೆ.

ಸೊಂಟಮಟ್ಟಕ್ಕಿಂತ ಆಳಕ್ಕೆ ಯಂತ್ರ ಹಿಡಿದು ಇಳಿಯಬೇಡಿ. ತುಂಗಭದ್ರೆಯ ಪಾತ್ರದಲ್ಲಿ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಕಾಯಿಲನ್ನೇ ನೋಡುತ್ತ ಹೋಗುವವನಿಗೆ ಅಂತೂ ಕಾಣುವುದೇ ಇಲ್ಲ. ದಡದಲ್ಲಿ ಇನ್ನೊಬ್ಬರು ಹಗ್ಗ ಹಿಡಿದು ನಿಂತಿರಲಿ. ಭದ್ರಾ ಕಾಲುವೆಯಲ್ಲಿ ಬಿದ್ದಿದ್ದರೆ ನೀರು ಬಂದ್ ಆಗುವವರೆಗೆ ಕಾಯುವುದೇ ಜಾಣತನ. ತಳ ಬಯಲಾದ ಮೇಲೆ ಹೂಳಿನಲ್ಲಿ, ಸಿಮೆಂಟ್ ಹಾಸಿನ ಸಂದುಗಳಲ್ಲಿ ಹುಡುಕಬಹುದು. ಹಾಸಿನ ಕೆಳಗೆ ಕಬ್ಬಿಣದ ಸರಳಿದ್ದ ಕಡೆ ಯಂತ್ರ ಬದಿಗಿಟ್ಟು ಜರಡಿ ಹಿಡಿಯಿರಿ.

ನಾಟಿ ಗದ್ದೆಯಲ್ಲಿ ಹೋದದ್ದು ಮೆತ್ತನೆಯ ಕೆಸರು ಮುಗಿದು ಗಟ್ಟಿ ಪದರ ಶುರುವಾಗುವವರೆಗೆ ಇಳಿಯುತ್ತದೆ, ಸಾಮಾನ್ಯವಾಗಿ ಒಂದು ಗೇಣಿನೊಳಗೆ. ಯಂತ್ರದ ಮಿತಿಯೂ ಅಲ್ಲಿಗೇ ಮುಗಿಯುವುದರಿಂದ ಇದು ಕಷ್ಟದ ಜಾಗ. ನೀರು ಬಸಿದು ಕಾಲು ಹೂಳದಷ್ಟು ಗಟ್ಟಿಯಾದ ಮೇಲೆ, ಇನ್ನೂ ಬಿರುಕು ಬಿಡುವ ಮುಂಚೆ ನೋಡಿ. ಪೈರು ನಿಂತಿದ್ದರೆ ಸಾಲುಗಳ ನಡುವೆ ಸಣ್ಣ ಕಾಯಿಲ್. ಸಿಗದಿದ್ದರೆ ಕೊಯ್ಲಾಗುವವರೆಗೆ ಗೂಟ ಹಾಗೇ ಇರಲಿ, ಚಿನ್ನ ತುಕ್ಕು ಹಿಡಿಯುವುದಿಲ್ಲ.

ಬಣವೆ, ತಿಪ್ಪೆ, ಮನೆ

ಬಣವೆಯೊಳಗೆ ಯಂತ್ರ ತೂರಿಸಿ ಫಲವಿಲ್ಲ. ಬಣವೆಯ ಪಕ್ಕ ತಾಡಪಾಲು ಹಾಸಿ, ಹುಲ್ಲನ್ನು ನಾಲ್ಕು ಬೆರಳಿನಷ್ಟು ತೆಳುವಾಗಿ ಹರಡುತ್ತ, ಒಂದೊಂದು ಪದರದ ಮೇಲೂ ಕಾಯಿಲ್ ಆಡಿಸಿ. ನೋಡಿ ಮುಗಿದದ್ದು ಇನ್ನೊಂದು ಕಡೆಗೆ. ಕೊನೆಗೆ ಬಣವೆ ಇದ್ದ ನೆಲ. ಹುಲ್ಲು ಕೊಡವುವಾಗ ಉಂಗುರ ಜಾರುತ್ತ ಬಂದು ನಿಲ್ಲುವುದು ಅಲ್ಲೇ. ಇಷ್ಟಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ, ಕಾವಲಿನವರು ಬಾಗಿಲಲ್ಲಿ ಮೈಮೇಲೆ ಆಡಿಸುವ ಕೈ ಡಿಟೆಕ್ಟರ್ ಸಾಕು. ತಿಪ್ಪೆಯ ಗೊಬ್ಬರಕ್ಕೂ ಇದೇ ದಾರಿ. ಒಕ್ಕಣೆ ಯಂತ್ರದ ಬಳಿ ಹೋಗಿದ್ದರೆ ಹೊಟ್ಟಿನ ರಾಶಿ ಕೆದಕುವ ಮುಂಚೆ ಯಂತ್ರದ ಬುಡ, ಜರಡಿಯ ಕೆಳಗೆ ನೋಡಿ. ಗಾಳಿ ಹೊಟ್ಟನ್ನು ಒಯ್ಯುತ್ತದೆ, ಚಿನ್ನವನ್ನಲ್ಲ.

ಮನೆಯೊಳಗೆ ಮೆಟಲ್ ಡಿಟೆಕ್ಟರ್ ಬಹುತೇಕ ನಿರುಪಯೋಗಿ, ಆರ್‌ಸಿಸಿಯ ಸರಳುಗಳೆಲ್ಲ ಕೂಗುತ್ತವೆ. ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಒರಗಿಸಿ ಅಡ್ಡಬೆಳಕು ಬಿಡಿ, ಸಣ್ಣ ಓಲೆಯೂ ಉದ್ದ ನೆರಳು ಬಿಟ್ಟು ಕಾಣಿಸಿಕೊಳ್ಳುತ್ತದೆ. ಬಚ್ಚಲಿಗೆ ಹೋಗಿದ್ದರೆ ಒಂದು ಚೊಂಬು ನೀರನ್ನೂ ಸುರಿಯದೆ ನಹಾನಿ ಟ್ರ್ಯಾಪಿನ ಜಾಲರಿ ತೆಗೆದು ಕೈ ಹಾಕಿ. ವಾಶ್ ಬೇಸಿನ್ ಆದರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ ತಿರುಗಿಸಿ ಬಿಚ್ಚಿ. ಭಾರದ ವಸ್ತು ಅಲ್ಲೇ ನಿಂತಿರುವ ಸಾಧ್ಯತೆ ಹೆಚ್ಚು.

ಎಲ್ಲಿ ಅಗೆಯಬಾರದು

ಚಿತ್ರದುರ್ಗದ ಕೋಟೆಯಲ್ಲಿ ಓಲೆ ಬಿದ್ದಿತೆಂದು ಯಂತ್ರ ಹಿಡಿದು ಹೋಗುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತವಾದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಅಲ್ಲಿನ ಸಿಬ್ಬಂದಿಗೆ ತಿಳಿಸಿ, ಕಣ್ಣಿಂದ ಹುಡುಕಿ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ, ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದರು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯದ ಜೊತೆ ರೋಮಿನ ನಾಣ್ಯಗಳೂ ಸಿಕ್ಕಿವೆ. ಅಂಥ ನೆಲದಲ್ಲಿ ನಾಣ್ಯಕ್ಕಿಂತ ಅದು ಯಾವ ಪದರದಲ್ಲಿತ್ತು ಎಂಬುದೇ ಮುಖ್ಯ, ಒಂದು ಗುಂಡಿ ತೋಡಿದರೆ ಅದು ಶಾಶ್ವತವಾಗಿ ಹೋಯಿತು. ನಿಮ್ಮದೇ ಹೊಲದಲ್ಲಿ ಉಂಗುರ ಹುಡುಕುವಾಗ ಹಳೆ ನಾಣ್ಯದ ಕುಡಿಕೆಯೇನಾದರೂ ಎದ್ದರೆ ಅಗೆತ ನಿಲ್ಲಿಸಿ ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು.

ನಿಧಿ ಆಸೆಗೆ ಹಾಳು ಗುಡಿಗಳನ್ನು ಬಗೆಯುವವರನ್ನು ಈ ಕಡೆಯ ಊರುಗಳು ಸಾಕಷ್ಟು ಕಂಡಿವೆ. ಯಂತ್ರ ಹಿಡಿದ ಅಪರಿಚಿತರನ್ನು ಜನ ಅನುಮಾನದಿಂದ ನೋಡುವುದು ತಪ್ಪಲ್ಲ. ಹಗಲಲ್ಲೇ ಹೋಗಿ, ಕಳೆದುಕೊಂಡವರೂ ಹೊಲದ ಒಡೆಯರೂ ಜೊತೆಗಿರಲಿ, ಊರ ಹಿರಿಯರಿಗೆ ಒಂದು ಮಾತು ಮುಟ್ಟಿಸಿ. ಕೂಲಿ ಎಷ್ಟು, ಸಿಗದಿದ್ದರೆ ಎಷ್ಟು ಎಂಬುದು ಮೊದಲೇ ಇತ್ಯರ್ಥವಾಗಿರಲಿ.

ಸಿಕ್ಕ ಮೇಲೆ

ಉಂಗುರ ಕಂಡೊಡನೆ ಎತ್ತಿ ಪಂಚೆಗೆ ಉಜ್ಜುವುದು ಎಲ್ಲರ ಕೈಯ ಅಭ್ಯಾಸ. ಮರಳಿನ ಕಣ ಚಿನ್ನವನ್ನು ಗೀರುತ್ತದೆ. ಮಣ್ಣು ಸಮೇತ ಒಂದು ಡಬ್ಬಿಯಲ್ಲಿಟ್ಟು, ಮನೆಯಲ್ಲಿ ಬಟ್ಟಲಿನ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ತೊಳೆಯಿರಿ. ಹರಳಿನ ಉಂಗುರವಾದರೆ ಗುಂಡಿ ಮುಚ್ಚುವ ಮುಂಚೆ ಹರಳು ತನ್ನ ಜಾಗದಲ್ಲಿದೆಯೇ ನೋಡಿ. ವಜ್ರ, ಮಾಣಿಕ್ಯ ಯಾವುದನ್ನೂ ಯಂತ್ರ ಕಾಣದು. ಹರಳು ಇಲ್ಲದಿದ್ದರೆ ಆ ಗುಂಡಿಯ ಮಣ್ಣನ್ನೂ ಸುತ್ತಲಿನ ಒಂದು ಮೊಳ ಮಣ್ಣನ್ನೂ ಚೀಲಕ್ಕೆ ತುಂಬಿ ತನ್ನಿ. ತೆಳು ಜಾಲರಿಯಲ್ಲಿ ಸ್ವಲ್ಪ ಸ್ವಲ್ಪವೇ ತೊಳೆದು, ಉಳಿದ ಹರಳುಮಣ್ಣನ್ನು ಬಿಳಿ ಬಟ್ಟೆಯ ಮೇಲೆ ಹರವಿ ಬಿಸಿಲಲ್ಲಿ ಒಣಗಲು ಬಿಡಿ. ಒದ್ದೆ ಇರುವಾಗ ಎಲ್ಲ ಕಲ್ಲೂ ಹೊಳೆಯುತ್ತದೆ, ಒಣಗಿದ ಮೇಲೂ ಹೊಳೆಯುವುದನ್ನು ಚಿಮುಟದಿಂದ ಆರಿಸಿ.